ಒಂದು ತಟ್ಟೆ ನನ್ನದು

ನಾನು ರಸ್ತೆಯಲ್ಲಿ ನಡೆಯುವಾಗ ನೆಲ ನೋಡಿಕೊಂಡೇ ನಡೆಯುತ್ತೇನೆ. ನೋಡಿದವರು ಒಂದೋ ನನ್ನನ್ನು ಬಹಳ ವಿನಯವಂತ ಅಂದುಕೊಳ್ಳುತ್ತಾರೆ, ಇಲ್ಲವೇ ಏನನ್ನೋ ಕಳೆದುಕೊಂಡಿದ್ದಾನೆ ಪಾಪ ಅಂದುಕೊಳ್ಳುತ್ತಾರೆ. ಒಮ್ಮೆ ಕೋಡಂಬಾಕ್ಕಂ ಸೇತುವೆಯ ಕೆಳಗೆ ಒಬ್ಬ ಪುಣ್ಯಾತ್ಮರು ತಾವೂ ನನ್ನ ಪಕ್ಕದಲ್ಲಿ ಬಗ್ಗಿ ಹುಡುಕತೊಡಗಿ, "ಎನ್ನ ಸಾರ್, ಮೋದರಮಾ?" ಎಂದು ಕೇಳಿದರು. ಉಂಗುರವಲ್ಲ. ಅಷ್ಟು ಹೊತ್ತಿಗೆ ನನ್ನ ಕೈಯಲ್ಲಿ ಒಂದು ಹಸಿರು ಬಳೆಯ ಚೂರಿತ್ತು. ಅದನ್ನು ತೋರಿಸಿದೆ. ಅವರು ನನ್ನನ್ನು ಒಂದು ಕ್ಷಣ ನೋಡಿ, ರಸ್ತೆ ದಾಟಿ ಆ ಕಡೆಯ ಫುಟ್‌ಪಾತ್ ಹಿಡಿದುಬಿಟ್ಟರು.

ಈ ಚಟ ನನಗೆ ಹುಟ್ಟಿನಿಂದ ಬಂದದ್ದಲ್ಲ, ಹೆಂಡತಿಯಿಂದ ಬಂದದ್ದು. ಬಳೆ ಚೂರು, ಹುಣಸೆ ಬೀಜ, ಸೋಡಾ ಮುಚ್ಚಳ, ಯಾರದೋ ರವಿಕೆಯಿಂದ ಉದುರಿದ ಚಮಕಿ, ಹೀಗೆ ಏನು ಕಂಡರೂ ಎತ್ತಿ ಜೇಬಿಗೆ ಹಾಕಿಕೊಂಡು ಮನೆಗೆ ತರುತ್ತಿದ್ದೆ. ವಿಮಾ ಕಚೇರಿಯ ಗುಮಾಸ್ತನ ಜೇಬಿನಲ್ಲಿ ಇರಬಾರದ್ದೆಲ್ಲ ನನ್ನ ಜೇಬಿನಲ್ಲಿರುತ್ತಿತ್ತು. ಸುಭದ್ರೆ ಸಂಜೆ ನನ್ನ ಅಂಗಿ ಒಗೆಯಲು ಹಾಕುವ ಮುಂಚೆ ಜೇಬು ಬೋರಲು ಹಾಕಿ, ಅಂಗೈಯಲ್ಲಿ ಹರಡಿಕೊಂಡು ನೋಡುತ್ತಿದ್ದಳು. ಬೇಕಾದ್ದನ್ನು ಡಬ್ಬಿಗೆ, ಬೇಡದ್ದನ್ನು ಕಿಟಕಿಯಿಂದಾಚೆಗೆ. ಹೆಚ್ಚಿನವು ಕಿಟಕಿಯಿಂದಾಚೆಗೇ ಹೋಗುತ್ತಿದ್ದವು ಅನ್ನಿ. ಯಾವುದು ಚೆಂದ, ಯಾವುದು ಅಲ್ಲ ಎನ್ನುವ ವಿಷಯದಲ್ಲಿ ನನ್ನ ಮೇಲೆ ಅವಳಿಗೆ ನಂಬಿಕೆಯಿರಲಿಲ್ಲ.

ಆ ಅಪನಂಬಿಕೆ ನ್ಯಾಯವಾದದ್ದೇ. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಹಸುವಿನ ಚಿತ್ರ ಬರೆಯಿರಿ ಎಂದರೆ ನಾನು ಬರೆದದ್ದನ್ನು ನೋಡಿ ಡ್ರಾಯಿಂಗ್ ಮೇಷ್ಟ್ರು, "ಇದು ಯಾವ ಜಿಲ್ಲೆಯ ನಕ್ಷೆ?" ಎಂದು ನಿಜವಾಗಿಯೂ ತಿಳಿಯದೆ ಕೇಳಿದ್ದರು. ಅಜ್ಜಿ ಬಾಗಿಲಿಗೆ ರಂಗೋಲಿ ಹಾಕಿದರೆ ಅದನ್ನು ಮೊದಲು ತುಳಿಯುತ್ತಿದ್ದವನು ನಾನು, ಬೇಕೆಂದಲ್ಲ, ಕಾಣಿಸದೆ. ನಮ್ಮ ತಾತನ ಕಾಲಕ್ಕೇ ಮದರಾಸಿಗೆ ಬಂದು ಬೇರುಬಿಟ್ಟ ಮನೆತನ ನಮ್ಮದು. ಮನೆಯ ಕನ್ನಡ ಅರ್ಧ ತಮಿಳಾಗಿ, ಉಳಿದರ್ಧವೂ ತಮಿಳಿನ ಧಾಟಿಗೆ ತಿರುಗಿತ್ತು. ನಾನು ಹುಡುಗನಾಗಿದ್ದಾಗ ಕೋಡಂಬಾಕ್ಕಂನ ಸ್ಟುಡಿಯೋಗಳಲ್ಲಿ ಕನ್ನಡ ಸಿನಿಮಾಗಳೂ ತಯಾರಾಗುತ್ತಿದ್ದವು. ಶಾಲೆ ಬಿಟ್ಟ ಮೇಲೆ ಗೇಟಿನ ಹತ್ತಿರ ನಿಂತರೆ, ಕಿರೀಟ ಕಳಚಿ ಮಡಿಲಲ್ಲಿಟ್ಟುಕೊಂಡ ರಾಜರು ಬೇವಿನ ಮರದ ಕೆಳಗೆ ಕೂತು ಮೊಸರನ್ನ ತಿನ್ನುವುದು ಕಾಣುತ್ತಿತ್ತು. ಅವರು "ಉಪ್ಪಿನಕಾಯಿ ಹಾಕ್ರಪ್ಪ" ಎನ್ನುವ ಕನ್ನಡವೇ ನಾನು ಮನೆಯ ಹೊರಗೆ ಕೇಳಿದ ಕನ್ನಡ. ಆಮೇಲೆ ಸಿನಿಮಾದವರು ಹೋದರು. ಆ ರಾಜರ ಉಡುಪು ಹೊಲಿಯುತ್ತಿದ್ದ ದರ್ಜಿಗಳು ಮಾತ್ರ ನಮ್ಮ ಬೀದಿಯಲ್ಲೇ ಉಳಿದರು. ಇದನ್ನು ಸುಮ್ಮನೆ ಹೇಳುತ್ತಿಲ್ಲ, ಸುಭದ್ರೆಯ ಜರಿ ಚೂರುಗಳೆಲ್ಲ ಆ ದರ್ಜಿಗಳ ಕತ್ತರಿಯ ಕೆಳಗಿನಿಂದ ಬಂದವು.

ಸುಭದ್ರೆ ಚಿತ್ರದುರ್ಗದ ಕಡೆಯವಳು. ಮದುವೆಯಾಗಿ ಬಂದಾಗ ತಮಿಳು ಒಂದಕ್ಷರ ಬರುತ್ತಿರಲಿಲ್ಲ. ನನ್ನ ಕನ್ನಡ ಕೇಳಿ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಗುತ್ತಿದ್ದಳು. ತವರಿನಿಂದ ಅವಳು ತಂದ ವಿದ್ಯೆ ಒಂದೇ: ಕೊಬ್ಬರಿ ಕೆತ್ತುವುದು. ಒಂದು ಒಣ ಕೊಬ್ಬರಿ ಗಿಟುಕನ್ನು ಕೈಗೆ ಕೊಟ್ಟರೆ ಬ್ಲೇಡಿನ ತುದಿಯಲ್ಲಿ ಅದನ್ನು ಮಲ್ಲಿಗೆಯ ದಂಡೆ ಮಾಡಿಬಿಡುತ್ತಿದ್ದಳು. ಅದು ತೊಂಬತ್ತರ ದಶಕದ ಕೊನೆಯವರೆಗೂ ಹಬ್ಬಹರಿದಿನಗಳಿಗಷ್ಟೇ ಮೀಸಲಾಗಿತ್ತು. ಆಮೇಲೊಂದು ವರ್ಷ ಕೆಳಗಿನ ಮನೆಯ ಪಟ್ಟು ಮಾಮಿ, ಅಂದರೆ ನಮ್ಮ ಮನೆಯ ಯಜಮಾನಿ, ತಮ್ಮ ಮಗಳ ಮದುವೆ ಮಾಡಿದರು. ಇಲ್ಲಿಯ ಮದುವೆಗಳಲ್ಲಿ ಗಂಡಿನವರಿಗೂ ಹೆಣ್ಣಿನವರಿಗೂ ನಡುವೆ ತಟ್ಟೆಗಳ ಓಡಾಟ ಜಾಸ್ತಿ. ಹಣ್ಣಿನ ತಟ್ಟೆ, ಸೀರೆಯ ತಟ್ಟೆ, ಬಾಗಿಲಲ್ಲಿ ಎತ್ತುವ ಆರತಿ ತಟ್ಟೆ. ಉಡುಗೊರೆಯ ಹಾಗೆ ಕೊಡೋಣವೆಂದು ಸುಭದ್ರೆ ಒಂದು ಆರತಿ ತಟ್ಟೆ ಅಲಂಕರಿಸಿದಳು. ಬಣ್ಣದ ಅಕ್ಕಿ, ಸಬ್ಬಕ್ಕಿ, ಲವಂಗ, ಕೊಬ್ಬರಿಯ ಹೂವು, ದರ್ಜಿಯ ಜರಿ. ಛತ್ರದಲ್ಲಿ ಹೆಂಗಸರು ಮದುಮಗಳನ್ನು ಬಿಟ್ಟು ತಟ್ಟೆಯನ್ನು ಸುತ್ತುವರಿದರು. ಆ ವಾರ ಮುಗಿಯುವುದರೊಳಗೆ ನಮ್ಮ ಮೆಟ್ಟಿಲು ಹತ್ತಿ ಬಂದವರನ್ನು ನೋಡಿ ನಾನು, ಯಾರೋ ಪಾಲಿಸಿ ಮಾಡಿಸಲು ಬಂದಿದ್ದಾರೆಂದು ಫಾರಂ ಹುಡುಕತೊಡಗಿದ್ದೆ.

ಹೀಗೆ ನಮ್ಮ ಮುಂದಿನ ಕೋಣೆ ಅಂಗಡಿಯಾಯಿತು. ಅಂಗಡಿ ಎಂದರೆ ಒಂದು ಚಾಪೆ, ಗೋಡೆಯುದ್ದಕ್ಕೂ ಬಿಸ್ಕತ್ತಿನ ಡಬ್ಬಿಗಳು, ಅಂಟಿನ ವಾಸನೆ. ಊಟದ ಅನ್ನದಲ್ಲಿ ಒಮ್ಮೊಮ್ಮೆ ಗುಲಾಬಿ ಬಣ್ಣದ ಒಂದೆರಡು ಕಾಳು ಸಿಗುತ್ತಿದ್ದವು. ನಮ್ಮ ಒಬ್ಬಳೇ ಮಗಳು ರಂಜನಿ ಆಗ ಕಾಲೇಜಿನಲ್ಲಿದ್ದಳು. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುವವಳು. "ಬಾರೇ, ಸ್ವಲ್ಪ ಮುತ್ತು ಪೋಣಿಸಿಕೊಡು" ಎಂದು ತಾಯಿ ಕರೆದರೆ, "ಎನಕ್ಕು ವೇಂಡಾಂಮಾ, ರೆಕಾರ್ಡ್ ಎಳುದಣುಂ", ನನಗೆ ಬೇಡಮ್ಮ, ಕಾಲೇಜಿನ ರೆಕಾರ್ಡ್ ಬರೆಯಬೇಕು, ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಹಾಗಾಗಿ ಮುತ್ತು ಪೋಣಿಸುವ ಕೆಲಸ ಭಾನುವಾರಗಳಲ್ಲಿ ನನಗೆ ಬೀಳುತ್ತಿತ್ತು, ಆಮೇಲೆ ಅದನ್ನು ಬಿಚ್ಚಿ ಮತ್ತೆ ಪೋಣಿಸುವ ಕೆಲಸ ಸುಭದ್ರೆಗೆ.

ಬಂದವರಿಗೆಲ್ಲ ಬೇಕಾದದ್ದು ಒಂದೇ. ನವಿಲು. "ಮಯಿಲ್ ವೇಣುಂ ಮಾಮಿ" ಎಂದು ಕೂರುವ ಮೊದಲೇ ಹೇಳುವರು. ಮೊದಲ ವರ್ಷ ಸುಭದ್ರೆ ಖುಷಿಯಾಗಿ ನವಿಲು ಮಾಡಿದಳು. ಎರಡನೆಯ ವರ್ಷ ಸುಮ್ಮನೆ ಮಾಡಿದಳು. ಮೂರನೆಯ ವರ್ಷ ಒಂದು ದಿನ ಅರ್ಧ ಮಾಡಿದ ನವಿಲಿನ ಮುಂದೆ ಕೈ ಕಟ್ಟಿ ಕೂತುಬಿಟ್ಟಳು.

"ಯಾಕೆ, ಏನಾಯ್ತು?" ಎಂದೆ.

"ರೀ, ಇದನ್ನ ನಾನು ಕಣ್ಣುಮುಚ್ಚಿ ಮಾಡ್ತಾ ಇದೀನಿ. ಈಗ ತಾನೇ ಒಂದು ರೆಕ್ಕೆ ಮುಗೀತು, ಯಾವಾಗ ಮುಗೀತು ಅಂತಲೇ ಗೊತ್ತಾಗಲಿಲ್ಲ. ಮನಸ್ಸೆಲ್ಲ ನಾಳೆ ಹುಳಿಗೆ ಏನು ಹಾಕೋದು ಅಂತ ಇತ್ತು."

"ಒಳ್ಳೇದಲ್ವಾ? ನಾನು ಇಪ್ಪತ್ತೈದು ವರ್ಷದಿಂದ ಆಫೀಸಿನಲ್ಲಿ ಹಾಗೇ ಕೆಲಸ ಮಾಡ್ತಿರೋದು."

ಅವಳು ನಗಲಿಲ್ಲ. ಅಂಗೈ ಮೇಲೆ ಮಾಡಿಕೊಂಡು ನೋಡಿ, "ಹಿಂಗೇ ಆದ್ರೆ ಕೈ ಬದುಕಿರತ್ತೆ, ನಾನು ಹೋಗ್ಬಿಡ್ತೀನಿ" ಎಂದಳು.

ಅದಾದ ಮೇಲೆ ಅವಳು ಒಂದು ನಿಯಮ ಮಾಡಿದಳು. ಇಲ್ಲಿ ಮದುವೆಗೆ ತಟ್ಟೆಗಳು ಬೆಸ ಸಂಖ್ಯೆಯಲ್ಲೇ ಹೋಗಬೇಕು, ಹನ್ನೊಂದು, ಇಪ್ಪತ್ತೊಂದು, ಹೀಗೆ. ಆರ್ಡರ್ ಕೊಡಲು ಬಂದವರಿಗೆ ಕಾಫಿ ಕೊಟ್ಟು, ತನ್ನ ಮುರುಕು ತಮಿಳಿನಲ್ಲಿ ಹೇಳುತ್ತಿದ್ದಳು: ಇಪ್ಪತ್ತು ತಟ್ಟೆ ನೀವು ಹೇಳಿದ ಹಾಗೆ, ನವಿಲು ಎಂದರೆ ನವಿಲು. ಒಂದು ತಟ್ಟೆ ನನ್ನದು, ಅದರಲ್ಲಿ ಏನಿರುತ್ತದೆ ಎಂದು ಕೇಳಬಾರದು. ಒಪ್ಪಿಗೆಯಾದರೆ ಸರಿ. ಕೆಲವರು ಎದ್ದು ಹೋದರು. ಹೆಚ್ಚಿನವರು, ಕನ್ನಡದ ಮಾಮಿ ಒಂದು ಥರ, ಆದರೆ ಕೈ ಒಳ್ಳೆಯದು ಎಂದು ಒಪ್ಪಿಕೊಂಡರು.

ಆ ಒಂದು ತಟ್ಟೆಗಾಗಿ ಮಂಗಳವಾರ ಅಂಗಡಿಗೆ ರಜ. ಅಂದು ಅವಳು ಯಾವುದೋ ಒಂದು ಬಸ್ಸು ಹತ್ತಿ, ಅದು ನಿಲ್ಲುವ ಕಡೆಯವರೆಗೂ ಹೋಗಿ, ಇಳಿದು ಒಂದಿಷ್ಟು ಸುತ್ತಿ, ಅದೇ ಬಸ್ಸಿನಲ್ಲಿ ಹಿಂತಿರುಗಿ ಬರುತ್ತಿದ್ದಳು. ಏನೂ ಕೊಳ್ಳುತ್ತಿರಲಿಲ್ಲ. ಯಾರನ್ನೂ ನೋಡಲಿಕ್ಕಿರಲಿಲ್ಲ. "ಏನಕ್ಕೆ ಹೋಗ್ತೀಯಾ?" ಎಂದರೆ "ಕಣ್ಣು ತುಂಬಿಸಿಕೊಂಡು ಬರೋಕೆ" ಎನ್ನುವಳು. ರಜೆ ಹಾಕಿ ನಾನೂ ಕೆಲವು ಸಲ ಹೋಗಿದ್ದೇನೆ. ತಿರುವೊಟ್ಟಿಯೂರಿನಲ್ಲಿ ಇಳಿದು ಸಮುದ್ರದ ದಂಡೆಗೆ ಹೋದರೆ ಬೆಸ್ತರ ಹೆಂಗಸರು ಮರಳಿನ ಮೇಲೆ ಬಲೆ ಹರಡಿ ಹರಿದ ಕಡೆ ಕಟ್ಟುತ್ತಿದ್ದರು. ಸುಭದ್ರೆ ಅವರ ಜೊತೆ ಕೂತಳು. ಅವಳ ತಮಿಳು ಅವರಿಗೆ ಅರ್ಥವಾಗದು, ಅವರ ತಮಿಳು ಇವಳಿಗೆ. ಆದರೂ ಮಧ್ಯಾಹ್ನವೆಲ್ಲ ಮಾತಾಡಿದರು. ನಾನು ದೋಣಿಯ ನೆರಳಿನಲ್ಲಿ ಕರವಸ್ತ್ರ ಹಾಸಿಕೊಂಡು ನಿದ್ದೆ ಮಾಡಿದೆ. ಮುಂದಿನ ಮದುವೆಯ ತಟ್ಟೆಯಲ್ಲಿ ನವಿಲುಗಳ ನಡುವೆ ಒಂದು ಬಲೆ ಹೋಯಿತು. ಕರಿ ಎಳ್ಳಿನ ಒಂದೊಂದೇ ಕಾಳು ಇಟ್ಟು ಎಳೆದ ಬಲೆ, ಅದರೊಳಗೆ ಎಲ್ಲೋ ಒಂದೆರಡು ಬೆಳ್ಳಿಯ ಚಮಕಿ. ಮದುವೆಯವರು ಅದನ್ನು ಹಣ್ಣಿನ ಬುಟ್ಟಿಯ ಹಿಂದೆ ಇಟ್ಟಿದ್ದರು. ಸುಭದ್ರೆಗೆ ಬೇಸರವಾಗಲಿಲ್ಲ. "ಮಾಡಿದ್ನಲ್ಲ, ಆಯ್ತು" ಎಂದಳು.

ಒಮ್ಮೆ ಮಾತ್ರ ಬೇಸರವಾಯಿತು. ಮಾಧವರಂಗೆ ಹೋಗಿ ಬಂದವಳು ಎರಡು ದಿನ ಹಾಲಿನ ಡೈರಿಯ ಬಗ್ಗೆಯೇ ಮಾತಾಡಿದಳು. ಬೆಳಗಿನ ಬಿಸಿಲಲ್ಲಿ ಒಂದರ ಮೇಲೊಂದು ಪೇರಿಸಿದ ಹಾಲಿನ ಪೊಟ್ಟಣಗಳು, ಬಿಳಿಯಲ್ಲೇ ಎಷ್ಟು ಬಿಳಿ ಅಂತ. ಆಮೇಲೆ ಬರೀ ಬಿಳಿಯ ತಟ್ಟೆಯೊಂದನ್ನು ಮಾಡಿದಳು. ಅಕ್ಕಿ ಬಿಳಿ, ಸಬ್ಬಕ್ಕಿ ಬಿಳಿ, ಕೊಬ್ಬರಿ ಬಿಳಿ, ಮುತ್ತು ಬಿಳಿ. ಒಂದೊಂದೂ ಒಂದೊಂದು ತರಹ. ಕಲೆಯ ವಿಷಯದಲ್ಲಿ ಕುರುಡನಾದ ನಾನು ಕೂಡ ಆಫೀಸಿಗೆ ಹೊರಡುವಾಗ ಚಪ್ಪಲಿ ಹಾಕಿಕೊಂಡು ಮತ್ತೆ ಒಳಗೆ ಬಂದು ಅದನ್ನು ನೋಡಿ ಹೋದೆ. ತಟ್ಟೆ ಒಯ್ಯಲು ಬಂದ ಹುಡುಗಿಯ ತಾಯಿ ಅದನ್ನು ನೋಡಿ ಹಿಂದೆ ಸರಿದರು. ಮದುವೆ ಮನೆಗೆ ಬಿಳಿ ಆಗದು, ಕಣ್ಣಿಗೂ ಬೀಳಬಾರದು ಎಂದರು. ಅಂಚಿಗೆ ಅರಿಶಿನ ಹಾಕಿಕೊಡುತ್ತೇನೆಂದು ಸುಭದ್ರೆ ಎರಡು ಸಲ ಹೇಳಿದಳು. ಅವರು ಕೇಳಲಿಲ್ಲ. ಅವಳು ವಾದಿಸದೆ ಅದನ್ನು ಒಳಗೆ ತೆಗೆದುಕೊಂಡು ಹೋಗಿ ಊಟದ ಮೇಜಿನ ಮೇಲಿಟ್ಟು, ಅದರ ಬದಲಿಗೆ ಒಂದು ನವಿಲು ಮಾಡಲು ಕೂತಳು. ಆ ವಾರ ಪೂರ್ತಿ ನಾವು ಆ ಬಿಳಿ ತಟ್ಟೆಯ ಸುತ್ತ ಕೂತು ಊಟ ಮಾಡಿದೆವು.

ಕೈ ಯಾವಾಗ ಕೆಟ್ಟಿತೆಂದು ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಮೊದಲು ಅವಳು ತಪ್ಪನ್ನು ಅಂಟಿನ ಬಾಟಲಿಯ ಮೇಲೆ ಹಾಕಿದಳು. ಮುಚ್ಚಳ ಬಿಗಿ, ಈಗಿನ ಬಾಟಲಿಗಳೇ ಸರಿಯಿಲ್ಲ ಎಂದಳು. ಆಮೇಲೆ ಕತ್ತರಿಯ ಮೇಲೆ ಹಾಕಿದಳು. ಸಾಣೆ ಹಿಡಿಸಿ ತಂದುಕೊಟ್ಟೆ. ಒಂದು ಬೆಳಿಗ್ಗೆ ನಾನು ಅಡುಗೆಮನೆಗೆ ಹೋದಾಗ ಅವಳು ಕಾಫಿ ಫಿಲ್ಟರನ್ನು ಎರಡೂ ಅಂಗೈ ನಡುವೆ ಒತ್ತಿ ಹಿಡಿದು, ಬೆರಳು ಮಡಿಸಲಾರದೆ, ಕೈಮುಗಿದವಳಂತೆ ನಿಂತಿದ್ದಳು. ಕಣ್ಣಲ್ಲಿ ನೀರಿತ್ತು. ನನ್ನನ್ನು ನೋಡಿ, "ಹಬೆ" ಎಂದಳು.

ಡಾಕ್ಟರು ಒಳ್ಳೆಯವರು. ಅವಳ ಬೆರಳುಗಳನ್ನು ಒಂದೊಂದಾಗಿ, ಮಗುವಿನ ಬೆರಳು ಹಿಡಿದ ಹಾಗೆ ಹಿಡಿದು ನೋಡಿದರು. ಕೀಲುಗಳ ರೋಗ, ಪೂರ್ತಿ ವಾಸಿಯಾಗುವುದಲ್ಲ, ಹತೋಟಿಯಲ್ಲಿಡಬಹುದು ಎಂದರು. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಅವಳು ಹೇಳಿದಳು. ಅವರು ಅವಳ ಬೆರಳುಗಳನ್ನು ಇನ್ನೊಮ್ಮೆ ನೋಡಿ ಚೀಟಿ ಬರೆದರು.

ಮಾತ್ರೆಗಳಿಂದ ಅವಳ ಮುಖ ಊದಿಕೊಂಡಿತು. ಬೆರಳುಗಳು ನಿಧಾನವಾಗಿ ಹೊರಗಡೆಗೆ ವಾಲತೊಡಗಿದವು. ಬ್ಲೇಡು ಹಿಡಿಯುವುದು ಹೋಯಿತು, ಕೊಬ್ಬರಿಯ ಹೂಗಳೂ ಹೋದವು. ಅಕ್ಕಿ ಉದುರಿಸುವುದನ್ನು ಒಂದು ಪೇಪರಿನ ಕೊಳವೆ ಮಾಡಿಕೊಂಡು ಇನ್ನಷ್ಟು ಕಾಲ ನಡೆಸಿದಳು. ನಾನು ನಿವೃತ್ತನಾದ ಹೊತ್ತಿಗೆ ಅದೂ ಕಷ್ಟವಾಗಿತ್ತು. ಆ ಹೊತ್ತಿಗೇ ರಂಜನಿಯ ಮದುವೆ ನಿಶ್ಚಯವಾಯಿತು. ಹುಡುಗ ತಮಿಳಿನವನು, ಅವಳ ಜೊತೆಗೇ ಶಾಲೆಯಲ್ಲಿ ಪಾಠ ಹೇಳುವವನು.

ಊರಿನವರ ಹೆಣ್ಣುಮಕ್ಕಳಿಗೆಲ್ಲ ತಟ್ಟೆ ಮಾಡಿಕೊಟ್ಟವಳು ಸುಭದ್ರೆ. ಪಟ್ಟು ಮಾಮಿ ಮೆಟ್ಟಿಲು ಹತ್ತಿ ಬಂದು, ಪ್ಯಾರೀಸ್ ಕಾರ್ನರಿನ ಅಂಗಡಿಗಳಲ್ಲಿ ಈಗ ರೆಡಿಮೇಡ್ ತಟ್ಟೆ ಬಾಡಿಗೆಗೇ ಸಿಗುತ್ತದೆ, ಥರ್ಮೋಕೋಲಿನದು, ಹಗುರ, ಯಾರೂ ಏನೂ ಅಂದುಕೊಳ್ಳುವುದಿಲ್ಲ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಸುಭದ್ರೆ ಅವರಿಗೆ ಕಾಫಿ ಮಾಡಲು ನನ್ನನ್ನು ಕಳಿಸಿದಳು. ಅವರು ಹೋದ ಮೇಲೆ ನನ್ನ ಕೈಗಳನ್ನು ನೋಡಿದಳು. ನನಗೆ ಆ ನೋಟದ ಅರ್ಥವಾಗಿ ಹೆದರಿಕೆಯಾಯಿತು.

"ಬೇಡ ಸುಭದ್ರಾ. ನಾನು ಹಸು ಬರೆದವನು."

"ಹಸು ಬೇಡ. ನಾನು ಹೇಳಿದಷ್ಟು ಮಾಡಿ, ಸಾಕು."

ಹೀಗೆ ಮದುವೆಗೆ ಮುಂಚಿನ ತಿಂಗಳು ನಾನು ಚಾಪೆಯ ಮೇಲೆ ಕೂತೆ. ಅವಳು ಗೋಡೆಗೆ ಒರಗಿ, ಕೈಗಳನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟುಕೊಂಡು ಹೇಳುತ್ತಿದ್ದಳು. "ಎಡಕ್ಕೆ. ನಿಮ್ಮ ಎಡ ಅಲ್ಲ ರೀ, ತಟ್ಟೆಯ ಎಡ." "ತಟ್ಟೆಗೆ ಎಡ ಎಲ್ಲಿರತ್ತೆ? ಅದು ದುಂಡಗಿದೆ." "ಆ ಕೆಂಪಲ್ಲ, ಪಕ್ಕದ ಕೆಂಪು." ನನಗೆ ಕೆಂಪೆಂದರೆ ಒಂದೇ, ಅವಳ ಡಬ್ಬಿಗಳಲ್ಲಿ ಆರೇಳು ಇದ್ದವು. ಅಂಟು ನನ್ನ ಕನ್ನಡಕಕ್ಕೆ ಹತ್ತಿತು, ಕೂದಲಿಗೆ ಹತ್ತಿತು. ಒಂದು ದಿನ ಎದ್ದು ಸ್ನಾನಕ್ಕೆ ಹೊರಟರೆ ಪಂಚೆಯ ಹಿಂದೆ, ಅಭ್ಯಾಸಕ್ಕೆಂದು ಮಾಡಿದ್ದ ಅರ್ಧ ನವಿಲು ಅಂಟಿಕೊಂಡಿತ್ತು. ಅಂದು ಅವಳು ನಕ್ಕ ನಗು ಕೆಳಗೆ ಪಟ್ಟು ಮಾಮಿಯವರಿಗೂ ಕೇಳಿಸಿತಂತೆ. ಸಿಟ್ಟು ಬಂದ ದಿನಗಳೂ ಇದ್ದವು. ನಾನು ಮತ್ತೆ ಮತ್ತೆ ತಪ್ಪು ಮಾಡಿದಾಗ ಅವಳು ತಡೆಯಲಾರದೆ ತನ್ನ ಕೈಯನ್ನೇ ತಟ್ಟೆಗೆ ಹಾಕುತ್ತಿದ್ದಳು. ಬೆರಳು ಕೇಳುತ್ತಿರಲಿಲ್ಲ. ಸಾಲು ಕೆಡುತ್ತಿತ್ತು. ಆಗ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಾ ಕೂರುತ್ತಿದ್ದೆವು. ಸ್ವಲ್ಪ ಹೊತ್ತಾದ ಮೇಲೆ ಅವಳೇ, "ಒರೆಸಿ, ಮತ್ತೆ ಶುರು ಮಾಡಿ" ಎನ್ನುವಳು.

ಆದರೂ ಹೇಳುತ್ತೇನೆ, ಆ ತಿಂಗಳು ಅವಳ ತಲೆಯಲ್ಲಿ ಎಷ್ಟೊಂದು ಹೊಸದು ಹುಟ್ಟಿತೋ, ಕೈ ಚೆನ್ನಾಗಿದ್ದಾಗಲೂ ಅಷ್ಟು ಹುಟ್ಟಿದ್ದನ್ನು ನಾನು ನೋಡಿರಲಿಲ್ಲ. ರಂಜನಿಯ ಮದುವೆಗೆ ನವಿಲಿನ ಹಂಗಿಲ್ಲ, ಎಲ್ಲ ತಟ್ಟೆಗಳೂ ತನ್ನವೇ ಎಂದಳು. ಲೋಕಲ್ ಟ್ರೈನಿನ ಕಿಟಕಿಗಳ ಸಾಲು. ನಮ್ಮ ಬೀದಿಯ ಅಳಲೆಕಾಯಿ ಬಣ್ಣದ ಗೋಡೆಯ ಮೇಲೆ ಹರಿದ ಪೋಸ್ಟರುಗಳು, ಒಂದರ ಕೆಳಗಿನಿಂದ ಇನ್ನೊಂದು ಇಣುಕುವುದು. ರಂಜನಿ ಚಿಕ್ಕವಳಿದ್ದಾಗ ಹಾಕಿಕೊಳ್ಳುತ್ತಿದ್ದ ಚೌಕುಳಿ ಲಂಗ. ಅವಳು ಕಣ್ಣು ಮುಚ್ಚಿಕೊಂಡು ಹೇಳುವಳು, ನಾನು ಕಣ್ಣು ಬಿಟ್ಟುಕೊಂಡು ತಪ್ಪಾಗಿ ಮಾಡುವೆನು.

ಛತ್ರದಲ್ಲಿ ತಟ್ಟೆಗಳನ್ನು ಸಾಲಾಗಿ ಜೋಡಿಸಿದಾಗ ನನಗೇ ಅವುಗಳ ಸೊಟ್ಟತನ ಕಾಣಿಸಿತು. ಮನೆಯಲ್ಲಿ ಒಂದೊಂದಾಗಿ ನೋಡಿದಾಗ ಕಂಡಿರಲಿಲ್ಲ. ಗಂಡಿನ ಕಡೆಯ ಅತ್ತೆಯೊಬ್ಬರು ಟ್ರೈನಿನ ತಟ್ಟೆಯನ್ನು ಕೈಗೆತ್ತಿಕೊಂಡು ಪಕ್ಕದವರಿಗೆ ತೋರಿಸಿ, "ಇದು ಯಾರ್ ಪಣ್ಣಿನದು? ಚಿನ್ನ ಕೊಳಂದೆಯಾ?" ಎಂದರು. ಚಿಕ್ಕ ಮಗು ಮಾಡಿದ್ದೇ ಎಂದು. ಕುಹಕವೇನಲ್ಲ, ನಿಜವಾಗಿಯೂ ಹಾಗೆ ಅನಿಸಿರಬೇಕು. ಸುಭದ್ರೆ ಕೈಗಳನ್ನು ರೇಷ್ಮೆ ಸೆರಗಿನೊಳಗೆ ಸುತ್ತಿಕೊಂಡು ನಿಂತಿದ್ದಳು. ಏನಾದರೂ ಹೇಳಬೇಕೆಂದು ನಾನು ಬಾಯಿ ತೆರೆಯುವುದರೊಳಗೆ, ಹಸೆಯ ಮೇಲೆ ಕೂರಲು ಹೊರಟಿದ್ದ ರಂಜನಿ ಅಲ್ಲೇ ತಿರುಗಿ ನಿಂತು, "ಎಂಗಪ್ಪಾ ಪಣ್ಣಿನದು" ಎಂದಳು. ನಮ್ಮಪ್ಪ ಮಾಡಿದ್ದು. ಆಮೇಲೆ, ನಾವು ಕೇಳಲೆಂದೋ ಏನೋ, ಕನ್ನಡದಲ್ಲಿ, "ಅಮ್ಮ ಹೇಳಿದ್ದು, ಅಪ್ಪ ಮಾಡಿದ್ದು. ಆರತಿ ಅದರಲ್ಲೇ ಎತ್ತಿ" ಎಂದಳು. ಆ ಅತ್ತೆಗೆ ಕನ್ನಡ ಬಾರದು. ಆದರೆ ತಟ್ಟೆಯನ್ನು ಮೆಲ್ಲಗೆ, ಎರಡೂ ಕೈಯಲ್ಲಿ ಹಿಡಿದು ಕೆಳಗಿಟ್ಟರು.

ಅಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಮದುವೆ ಮನೆಯ ಕಥೆಗಳು ಹಾಗೆ ಮುಗಿಯುತ್ತವೆ. ನಮ್ಮದು ಮುಂದುವರಿಯಿತು.

ರಂಜನಿ ಗಂಡನ ಜೊತೆ ಪೆರಂಬೂರಿನಲ್ಲಿ ಮನೆ ಮಾಡಿದಳು. ಆರ್ಡರುಗಳು ಬರುವುದು ಕಡಿಮೆಯಾಯಿತು, ಬಾಡಿಗೆಯ ತಟ್ಟೆಗಳು ಸಾಕಿತ್ತು ಜನಕ್ಕೆ. ಬಂದ ಕೆಲವು ಆರ್ಡರುಗಳಿಗೆ ನಾನು ನವಿಲು ಮಾಡುತ್ತಿದ್ದೆ. ಮಾಡಿ ಮಾಡಿ ನನ್ನ ನವಿಲು ಸಾಕಷ್ಟು ನೆಟ್ಟಗಾಗಿತ್ತು. ಕೊನೆಯ ತಟ್ಟೆಗೆ ಬಂದಾಗ "ಹೇಳು" ಎನ್ನುತ್ತಿದ್ದೆ. ಅವಳು ಹೇಳುತ್ತಿದ್ದಳು. ಆಮೇಲಾಮೇಲೆ ಸ್ವಲ್ಪ ಯೋಚಿಸಿ ಹೇಳುತ್ತಿದ್ದಳು. ಆಮೇಲೊಂದು ದಿನ, "ಅದನ್ನೂ ನವಿಲೇ ಮಾಡಿಬಿಡಿ" ಎಂದಳು.

ನಾನು ಕೇಳಿಸದವನಂತೆ ಅಂಟು ಕಲೆಸುತ್ತಾ ಕೂತೆ.

"ಏನೂ ಬರ್ತಾ ಇಲ್ಲ ರೀ" ಎಂದಳು. "ನೋವು ಅಂತ ಅಲ್ಲ. ನೋವು ಇದ್ದದ್ದೇ. ಒಳಗೆ ಏನೂ ಬರ್ತಾ ಇಲ್ಲ."

ಕೈ ಹೋದಾಗ ಹಬೆಯ ನೆಪ ಹೇಳಿ ಅತ್ತವಳು ಇದನ್ನು ಹೇಳುವಾಗ ಅಳಲಿಲ್ಲ. ಅದಕ್ಕೇ ನನಗೆ ಭಯವಾಯಿತು. ನನಗೆ ತಿಳಿದದ್ದನ್ನೆಲ್ಲ ಮಾಡಿದೆ. ಹಳೆಯ ಕ್ಯಾಲೆಂಡರುಗಳನ್ನು ತಂದೆ, ಚಿತ್ರವಿರುವ ಪತ್ರಿಕೆಗಳನ್ನು ತಂದೆ. ರಸ್ತೆಯಲ್ಲಿ ಹೆಕ್ಕಿದ ಚೂರುಗಳಂತೂ ಮೂಟೆಗಟ್ಟಲೆ ತಂದೆ. ಅವಳು ಏನನ್ನೂ ಕಿಟಕಿಯಿಂದಾಚೆ ಎಸೆಯುತ್ತಿರಲಿಲ್ಲ ಈಗ. "ಅಲ್ಲಿಡಿ" ಎನ್ನುತ್ತಿದ್ದಳು. ಒಂದು ಮಂಗಳವಾರ ಆಟೋ ಮಾಡಿಕೊಂಡು ಅವಳನ್ನು ತಿರುವೊಟ್ಟಿಯೂರಿಗೆ ಕರೆದೊಯ್ದೆ. ಮರಳಿನವರೆಗೂ ನಡೆಯಲಾಗದೆ ರಸ್ತೆಯಂಚಿನ ಕಲ್ಲಿನ ಮೇಲೆ ಕೂತಳು. ಬಲೆಗಳಿದ್ದವು, ಹೆಂಗಸರಿದ್ದರು, ದೋಣಿಗಳಿಗೆ ಹೊಸ ಬಣ್ಣ ಬಳಿದಿದ್ದರು. ನಾನು ಗೈಡಿನ ಹಾಗೆ ಅದು ನೋಡು, ಇದು ನೋಡು ಎಂದು ತೋರಿಸಿದೆ. ಅವಳು ನಾನು ತೋರಿಸಿದ ಕಡೆಗೆಲ್ಲ ವಿಧೇಯಳಾಗಿ ತಿರುಗಿ ನೋಡಿದಳು.

"ಹೂಂ, ಸಮುದ್ರ ಇದೆ" ಎಂದಳು. "ನಡೀರಿ, ಬಿಸಿಲು."

ಹಿಂತಿರುಗುವಾಗ ಆಟೋದಲ್ಲಿ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಮಾಡಿದಳು. ಎಷ್ಟೋ ಸಂಸಾರಗಳಲ್ಲಿ ಎಷ್ಟೋ ಕಷ್ಟಗಳಿರುತ್ತವೆ. ತಲೆಯಲ್ಲಿ ತಟ್ಟೆಯೊಂದು ಹುಟ್ಟದಿದ್ದರೆ ಅದೂ ಒಂದು ಕಷ್ಟವೇ ಎಂದು ಯಾರಾದರೂ ಕೇಳಬಹುದು. ನನಗಂತೂ ಅಂದು, ಪಕ್ಕದಲ್ಲಿ ಕೂತಿದ್ದವಳು ಆ ದಂಡೆಯ ಮೇಲೆಯೇ ಎಲ್ಲೋ ಉಳಿದುಬಿಟ್ಟಳು ಅನ್ನಿಸಿತು.

ಆ ವರ್ಷದ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಮಾತ್ರೆಗಳಿಂದ ಮೈಯ ಶಕ್ತಿ ಕುಂದಿತ್ತು, ಜ್ವರ ಎದೆಗೆ ಇಳಿಯಿತು. ಆಸ್ಪತ್ರೆಗೆ ಸೇರಿಸಿದೆವು. ಹಳೆಯ ಕಾಲದ ಕಟ್ಟಡ, ನಡುವೆ ಚೌಕದ ಅಂಗಳ, ನಾಲ್ಕೂ ಕಡೆ ಕಂಬಿ ಹಾಕಿದ ಜಗುಲಿ. ಅವಳ ಹಾಸಿಗೆ ಜಗುಲಿಯ ಕಡೆಯ ಬಾಗಿಲ ಪಕ್ಕದಲ್ಲಿತ್ತು. ಮಧ್ಯಾಹ್ನ ಊಟದ ಕ್ಯಾರಿಯರ್ ಹಿಡಿದು ಹೋದಾಗ ಅವಳು ದಿಂಬಿಗೆ ಒರಗಿ ಹೊರಗೆ ನೋಡುತ್ತಿದ್ದಳು. ಮಳೆ ನಿಂತು ಸ್ವಲ್ಪ ಬಿಸಿಲು ಬಂದಿತ್ತು. ರೋಗಿಗಳ ಜೊತೆಗಿದ್ದ ಹೆಂಗಸರು ಒದ್ದೆ ಸೀರೆಗಳನ್ನೆಲ್ಲ ತಂದು ಅಂಗಳದ ಸುತ್ತ ಕಂಬಿಯ ಮೇಲೆ ಹರಡಿದ್ದರು.

"ಅದು ನೋಡಿ" ಎಂದಳು.

ನೋಡಿದೆ. ಸೀರೆಗಳು.

"ಎಲ್ಲ ಬೇರೆ ಬೇರೆ ಊರಿನ ಸೀರೆ. ಒಬ್ಬರಿಗೊಬ್ಬರು ಗುರುತಿಲ್ಲ. ಸೆರಗೆಲ್ಲ ಒಳಗಡೆಗೆ, ಅಂಗಳದ ಕಡೆಗೆ ಬಿಟ್ಟಿದಾರೆ ನೋಡಿ. ತಟ್ಟೆಯ ಅಂಚಿನ ಸುತ್ತ ಹಂಗೇ ಬರಬೇಕು. ಅಕ್ಕಿ ಬೇಡ, ರವೆ. ರವೆಗೆ ಬಣ್ಣ ಹಾಕಿದ್ರೆ ಮಾಸಿದ ಹಂಗೆ ಕಾಣತ್ತೆ, ಒಗೆದು ಒಗೆದು ಮಾಸಿದ ಹಂಗೆ. ತುದಿಗೆ ಒಂದೇ ಎಳೆ ಜರಿ. ಜಾಸ್ತಿ ಬೇಡ, ಬಡವರ ಸೀರೆ."

ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ನಿಲ್ಲಿಸಿ ನಿಲ್ಲಿಸಿ ಹೇಳುತ್ತಿದ್ದಳು. ನಾನು ಕ್ಯಾರಿಯರ್ ಕೆಳಗಿಡುವುದನ್ನೂ ಮರೆತು ನಿಂತಿದ್ದೆ. ಎಷ್ಟು ತಿಂಗಳ ಮೇಲೆ ಕೇಳಿದ ದನಿ ಅದು.

"ನಡುವೆ?" ಎಂದೆ.

ಅವಳು ಅಂಗಳದ ಕಡೆ ನೋಡಿದಳು. ಮಳೆ ನೀರು ನಿಂತ ಖಾಲಿ ಅಂಗಳ, ಒಂದು ಕೊಳಾಯಿ. ಕಣ್ಣು ಸಣ್ಣ ಮಾಡಿ ತುಂಬ ಹೊತ್ತು ನೋಡಿದಳು.

"ನಡುವೆ ಏನು ಅಂತ ಇನ್ನೂ ಕಾಣ್ತಾ ಇಲ್ಲ. ಬರ್ತಾ ಇದೆ. ನೀವು ಸುತ್ತ ಮಾಡಿರಿ, ನಾಳೆ ಹೇಳ್ತೀನಿ."

ಅಂದು ನಾನು ಬಸ್ಸಿಗೆ ಕಾಯದೆ ಆಟೋದಲ್ಲಿ ಮನೆಗೆ ಬಂದೆ. ಬದುಕಿನಲ್ಲಿ ಅಷ್ಟು ಸಂತೋಷದಿಂದ ನಾನು ಯಾವ ಕೆಲಸಕ್ಕೂ ಕೂತಿರಲಿಲ್ಲ. ರವೆಗೆ ಬಣ್ಣ ಹಾಕಿ ಫ್ಯಾನಿನ ಕೆಳಗೆ ಒಣಗಿಸಿದೆ. ಸುತ್ತಲೂ ಸೀರೆಗಳು, ಸೆರಗು ಒಳಗಡೆಗೆ. ಅವಳು ಪಕ್ಕದಲ್ಲಿಲ್ಲದಿದ್ದರೂ ಕೈ ತಪ್ಪಲಿಲ್ಲ. ಕೆಂಪುಗಳಲ್ಲಿ ಯಾವ ಕೆಂಪು ಎಂದು ತಿಳಿಯಿತು. ಸೊಟ್ಟ ಎನ್ನುವಂಥದ್ದು ಎಲ್ಲೂ ಇರಲಿಲ್ಲ. ಮರುದಿನ ಅದನ್ನು ಹೊಸ ಟವೆಲಿನಲ್ಲಿ ಮುಚ್ಚಿ, ಮಡಿಲಲ್ಲಿಟ್ಟುಕೊಂಡು ಹೋದೆ.

ಬೆಳಗಿನ ಜಾವ ಅವಳನ್ನು ಬೇರೆ ವಾರ್ಡಿಗೆ ಸಾಗಿಸಿದ್ದರು. ಮೂಗಿಗೆ ಕೊಳವೆ ಹಾಕಿದ್ದರು. ಕಣ್ಣು ತೆರೆದಿತ್ತು, ಆದರೆ ನೋಟ ನನ್ನ ಮೇಲೆ ನಿಲ್ಲುತ್ತಿರಲಿಲ್ಲ. ಟವೆಲು ಸರಿಸಿ ತಟ್ಟೆಯನ್ನು ಅವಳ ಮುಖದ ಹತ್ತಿರ ಹಿಡಿದೆ. ನರ್ಸ್ ಹುಡುಗಿ ಹತ್ತಿರ ಬಂದವಳು ತಟ್ಟೆ ನೋಡಿ ಹಿಂತಿರುಗಿದಳು. ತೋಳು ನೋಯುವವರೆಗೂ ಹಿಡಿದಿದ್ದೆ. ಸುಭದ್ರೆ ಎರಡು ದಿನ ಹಾಗೇ ಇದ್ದು ಹೋದಳು.

ಹದಿಮೂರು ದಿನದ ಕರ್ಮಗಳೆಲ್ಲ ಮುಗಿದು, ನೆಂಟರೆಲ್ಲ ಹೊರಟ ಮೇಲೆ ರಂಜನಿ ಒಬ್ಬಳೇ ಉಳಿದಳು. ತಾಯಿಯ ಸೀರೆಗಳನ್ನು ಮಡಿಸಿಡಲು ಬೀರು ತೆರೆದವಳಿಗೆ ಒಳಗೆ ಆ ತಟ್ಟೆ ಸಿಕ್ಕಿತು. ಕಿಟಕಿಯ ಬೆಳಕಿಗೆ ತಂದು, ಸುತ್ತಲಿನ ಒಂದೊಂದು ಸೀರೆಯನ್ನೂ ಬೆರಳು ತಾಗಿಸದೆ ನೋಡಿದಳು.

"ನೀಯಾ ಪಣ್ಣಿನೆ?" ಎಂದಳು. ನೀನೇ ಮಾಡಿದೆಯಾ ಎಂದು.

ಹೌದೆಂದೆ. ಆಸ್ಪತ್ರೆಯ ಅಂಗಳದ ಸಂಗತಿ ಹೇಳಿದೆ.

"ನಡುವುಲ ಎನ್ನಪ್ಪಾ?"

ನಡುವೆ ತಟ್ಟೆಯ ಬರಿಯ ಹಿತ್ತಾಳೆ ಇತ್ತು. ಅವಳ ಮುಖ ಅದರಲ್ಲಿ ಮಸುಕಾಗಿ ಕಾಣುತ್ತಿತ್ತು.

"ಗೊತ್ತಿಲ್ಲಮ್ಮ" ಎಂದೆ. "ನಾಳೆ ಹೇಳ್ತೀನಿ ಅಂದಿದ್ಳು."

ರಂಜನಿ ತಟ್ಟೆಯನ್ನು ಇದ್ದಲ್ಲೇ ಇಟ್ಟು, ಬೀರುವಿನ ಬಾಗಿಲು ಹಾಕಿದಳು. "ಕಾಫಿ ತರ್ತೀನಪ್ಪ" ಎಂದು ಕನ್ನಡದಲ್ಲೇ ಹೇಳಿ ಅಡುಗೆಮನೆಗೆ ಹೋದಳು. ನಾನು ಚಾಪೆಯ ಮೇಲೆ ಕೂತು ಕಾದೆ. ತುಂಬಾ ಹೊತ್ತಾದರೂ ಒಳಗಿನಿಂದ ಪಾತ್ರೆಯ ಸದ್ದು ಬರಲಿಲ್ಲ.